ಹಸಿದ ಪಾಚಿಯ ಸಕ್ಕರೆ

ಮಾರ್ಚ್ ೩, ಸೋಮವಾರ

ಮನೆ ಸಿಕ್ಕಿತು, ನನ್ನ ಹೆಂಡತಿ ಬರುತ್ತಾಳೆ, ಇನ್ನು ಮೇಲೆ ನಾವಿಬ್ಬರೂ ಒಂದೇ ಊರಿನಲ್ಲಿ, ಒಂದೇ ಸೂರಿನಡಿ, ಒಂದೇ ಚಾಪೆಯ ಮೇಲೆ (ಮಂಚ ಇನ್ನೂ ಬಂದಿಲ್ಲ)!

ಹೆಂಡತಿ. ಹೆಂಡತಿ. ಬರೆದಷ್ಟೂ ಬರೆಯಬೇಕು ಅನ್ನಿಸುವ ಶಬ್ದ.

ಮಧ್ಯಾಹ್ನ ಮ್ಯಾನೇಜರ್ ಕರೆದು ಬೀಗದ ಕೈಯನ್ನು ಮೇಜಿನ ಮೇಲೆ ಜಾರಿಸಿದರು. ಪಂಪ್‌ಹೌಸಿನ ಮೇಲಿನ ಎರಡು ಕೋಣೆಗಳ ಕ್ವಾರ್ಟರ್ಸ್ ಇನ್ನು ನನ್ನದು. ಕೆಲಸ ಇರುವವರೆಗೆ ಮನೆ, ಅಷ್ಟೇ ಷರತ್ತು. ಪಂಪ್ ಶುರುವಾದಾಗ ನೆಲ ಸಣ್ಣಗೆ ನಡುಗುತ್ತದೆ, ಗೂಡಿನಲ್ಲಿರುವ ಚಮಚಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಹಿಂದೆ ಇದ್ದವರು ಆ ಸದ್ದು ತಾಳಲಾರದೆ ಬಿಟ್ಟುಹೋದರಂತೆ. ಎಂಥ ಅರಸಿಕರು! ಗುನುಗುವ ಮನೆ ಎಷ್ಟು ಜನಕ್ಕೆ ಸಿಗುತ್ತದೆ? ಕಿಟಕಿಯಿಂದ ನಮ್ಮ ತೊಟ್ಟಿಗಳು, ತೊಟ್ಟಿಗಳ ಆಚೆ ಸಮುದ್ರ. ಅಡುಗೆಮನೆಗೆ ಹಳದಿ ಬಣ್ಣ ಹಚ್ಚುತ್ತೇನೆ. ಹಳದಿ ಪರವಾಗಿಲ್ಲ ಎಂದು ಅವಳು ಒಮ್ಮೆ ಅಂದಿದ್ದಳು. ಅವಳ ಬಾಯಲ್ಲಿ ಪರವಾಗಿಲ್ಲ ಅಂದರೆ ಬಹಳ ದೊಡ್ಡ ಮಾತು.

ಮದುವೆಯ ರಜೆ ಮುಗಿದು ಅವಳು ಅವಳ ಊರಿಗೆ, ನಾನು ನನ್ನ ಊರಿಗೆ ಬಂದದ್ದು ಕಳೆದ ತಿಂಗಳು. ಅವಳದು ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೋ ಕಿರುಚುತ್ತಿದ್ದರೂ ತಣ್ಣಗೆ ಕೇಳುತ್ತಾಳೆ: ಎಲ್ಲಿದ್ದೀರಿ, ಉಸಿರಾಡುತ್ತಿದ್ದಾರಾ, ರಕ್ತ ಬರುತ್ತಿದೆಯಾ. ಗಂಡನಿಗೂ ಅದೇ ಧಾಟಿ. ನಾನು ಸಮುದ್ರ, ಕಿಟಕಿ, ಚಮಚ ಎಂದೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದ್ದು: ನೀರು ಬರುತ್ತಾ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಮನೆ ಎಷ್ಟು ದಿನ ನಮ್ಮದು. ಮುದುಕರಾಗುವವರೆಗೆ ಅಂದೆ. ನಕ್ಕಳು. ಈ ಊರಲ್ಲಿ ಅಂಥ ಕೇಂದ್ರವಿಲ್ಲ, ಆದ್ದರಿಂದ ರಾಜೀನಾಮೆಯನ್ನೇ ಕೊಟ್ಟು ಬರಬೇಕು. ಈ ತಿಂಗಳೇ ಕೊಡುತ್ತಾಳಂತೆ. ನನ್ನ ಮಾತು ನಂಬಿಕೊಂಡು! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅಥವಾ ಪಂಪ್ ಶುರುವಾಗಿದೆ.

ಮಾರ್ಚ್ ೫, ಬುಧವಾರ

ಪಾಚಿಯ ಕೋಣೆಯಲ್ಲಿ ನೊರೆ ಕಂಡಿತು.

ನನ್ನ ಕೆಲಸ ಅಡುಗೆಯವನ ಕೆಲಸ. ಇಲ್ಲಿ ಸಿಂಪಿಯ (ತಿನ್ನುವ ಕಡಲ ಚಿಪ್ಪಿನ) ಮರಿಗಳನ್ನು ಸಾಕಿ ಕೊಲ್ಲಿಯಲ್ಲಿ ಸಿಂಪಿ ಬೆಳೆಯುವವರಿಗೆ ಕೊಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಮರಿಗಳು ತಿನ್ನುವುದು ಜೀವಂತ ಪಾಚಿಯನ್ನು. ಅದನ್ನು ಬೆಳೆಸುವವನು ನಾನು: ಗಾಜಿನಂಥ ಚಿಪ್ಪು, ಮುಳ್ಳುಮುಳ್ಳು ತೋಳು, ಕೈ ಕೈ ಹಿಡಿದು ಸಾಲಾಗಿ ತೇಲುವ ಜಾತಿ. ಚೆನ್ನಾಗಿದ್ದಾಗ ಪಾಚಿ ಬೆಳೆಸುವ ನನ್ನ ಉದ್ದುದ್ದ ಪ್ಲಾಸ್ಟಿಕ್ ಚೀಲಗಳ ನೀರು ಕಡುಗಂದು ಬಣ್ಣಕ್ಕಿರುತ್ತದೆ. ಈಗ ತೆಳು ಚಹಾದ ಹಾಗೆ ಪೇಲವವಾಗಿದೆ. ಮೇಲೆ ನೊರೆ. ಕಡ್ಡಿಯಲ್ಲಿ ಎತ್ತಿದರೆ ಗಂಜಿಯ ಹಾಗೆ ಎಳೆ ಎಳೆಯಾಗಿ ಬರುತ್ತದೆ.

ತೊಟ್ಟಿಗಳಲ್ಲಿ ಮರಿಗಳು ಸಾಯುತ್ತಿವೆ ಎಂದು ಭಾವ ಹೇಳಿದ. ಭಾವ ಅಂದರೆ ತೊಟ್ಟಿ ನೋಡಿಕೊಳ್ಳುವವನು. ಯಾರಿಗೂ ಭಾವನಲ್ಲ, ಅವನೇ ಎಲ್ಲರನ್ನೂ ಭಾವ ಭಾವ ಅಂದು ಕೊನೆಗೆ ಹೆಸರು ಅವನಿಗೇ ಅಂಟಿತು. ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಮರಿಗಳು ಈಜುವ ರೋಮಗಳಿಗೆ ಅಂಟು ಸುತ್ತಿಕೊಂಡು, ಜೇಡನ ಬಲೆಗೆ ಬಿದ್ದವರ ಹಾಗೆ ಸುಮ್ಮನೆ ಕೆಳಗೆ ಇಳಿಯುತ್ತಿವೆ.

ಪಾಚಿಗೆ ಏನೋ ರೋಗ ಬಂದಿರಬೇಕು. ಎರಡು ದಿನದಲ್ಲಿ ಸರಿಹೋಗುತ್ತದೆ. ಅವಳಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ.

ಮಾರ್ಚ್ ೬, ಗುರುವಾರ

ಮೈಯೆಲ್ಲ ಉರಿಯುತ್ತಿದೆ.

ಮ್ಯಾನೇಜರ್ ಎಲ್ಲರ ಎದುರಿಗೆ, ಬೀಗದ ಕೈಗೊಂಚಲು ಕುಣಿಸುತ್ತ, "ಮದುವೆ ಆದ ಮೇಲೆ ನಿನ್ನ ಕಣ್ಣು ಪಾಚಿ ಮೇಲಿಲ್ಲ, ಫೋನ್ ಮೇಲಿದೆ" ಅಂದರು. ಪ್ಯಾಕಿಂಗಿನ ಹೆಂಗಸರು ಕಿಸಕ್ಕೆಂದರು. ನಾನು ಕೈಯಲ್ಲಿದ್ದ ಫೋನ್ ಜೇಬಿಗೆ ಹಾಕಿಕೊಂಡೆ, ಅದು ಇನ್ನೂ ಕೆಟ್ಟದಾಯಿತು. ಎಷ್ಟು ಸೊಕ್ಕು ಆ ಮನುಷ್ಯನಿಗೆ. ಮೂರು ವರ್ಷ ಒಂದು ಚೀಲವೂ ಕೆಡದ ಹಾಗೆ ನೋಡಿಕೊಂಡಿದ್ದೇನೆ. ಆಗ ಒಂದು ಒಳ್ಳೆ ಮಾತು ಬಂದಿತ್ತಾ? ಈಗ ಫೋನಂತೆ.

ನಾನು ಏನಂದೆ ಅಂದರೆ, "ಸರಿ ಸಾರ್, ನೋಡ್ತೀನಿ ಸಾರ್." ನಗುತ್ತಲೇ ಅಂದೆ. ಇಲ್ಲಿ ಬರೆಯುವಾಗ ಮಾತ್ರ ಪೆನ್ನು ಕಾಗದವನ್ನು ಹರಿಯುತ್ತಿದೆ.

ಮಾರ್ಚ್ ೮, ಶನಿವಾರ

ಪಾಚಿಯ ಕೋಣೆ ಮುಚ್ಚುತ್ತಾರಂತೆ. ಹೊರಗಿನ ಕಂಪನಿಯಿಂದ ಡಬ್ಬಿಯಲ್ಲಿ ಪಾಚಿ ಪೇಸ್ಟ್ ತರಿಸುತ್ತಾರಂತೆ. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯಿತು. ನಿಂತುಕೊಂಡೇ ಹೇಳಿದರು, ಕುಳಿತುಕೋ ಅನ್ನಲಿಲ್ಲ. ಮನೆಯ ಬೀಗದ ಕೈಯ ವಿಷಯ ಅವರಾಗಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದೇನು, ಗೊತ್ತಿದೆಯಲ್ಲ.

ದರಿದ್ರ ಪಾಚಿ. ದರಿದ್ರ ಸಿಂಪಿ. ದರಿದ್ರ ಗುನುಗುವ ಮನೆ.

ಮಾರ್ಚ್ ೯, ಭಾನುವಾರ

ಅವಳ ರಜೆ. ತುಂಬಾ ಹೊತ್ತು ಮಾತಾಡಿದೆವು. ಚಿನ್ನ, ಬಂಗಾರ, ನನ್ನ ಮುತ್ತೇ ಎಂದೆಲ್ಲ ಬಾಯಿಗೆ ತಾನಾಗಿ ಬರುತ್ತಿತ್ತು. ಕಿಟಕಿಗೆ ಯಾವ ಪರದೆ, ಮಂಚ ಯಾವ ಗೋಡೆಗೆ, ಎಲ್ಲ ವರ್ಣಿಸಿದೆ. ಕೆಲಸ ಹೇಗಿದೆ ಎಂದು ಕೇಳಿದಳು. ಪಾಚಿಗೆ ಸ್ವಲ್ಪ ಹುಷಾರಿಲ್ಲ ಅಂದೆ. ಸುಳ್ಳಲ್ಲವಲ್ಲ.

ಬಿಡದೆ ಕೇಳಿದಳು. ಹುಷಾರಿಲ್ಲ ಅಂದರೆ ಏನು, ಎಂದಿನಿಂದ, ಯಾವ ಬಣ್ಣಕ್ಕಿದೆ. ನೊರೆ, ಅಂಟು ಎಂದು ಹೇಳಿದೆ. ಅಂಟು ಎಲ್ಲಿಂದ ಬಂತು ಎಂದಳು. ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ವಿವರಿಸುತ್ತ ವಿವರಿಸುತ್ತ, ಕಾಲೇಜಿನಲ್ಲಿ ಓದಿದ್ದೊಂದು ನೆನಪಿಗೆ ಬಂತು. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯಿಂದ ಮೈ ಕಟ್ಟಿಕೊಳ್ಳುವುದಕ್ಕೆ ನೈಟ್ರೇಟ್ ಬೇಕು, ಫಾಸ್ಫೇಟ್ ಬೇಕು. ಅವು ಸಿಗದಿದ್ದರೆ ಬೆಳೆಯಲಾಗದು, ಎರಡಾಗಿ ಒಡೆಯಲಾಗದು. ಆದರೆ ಬೆಳಕು ಬೀಳುತ್ತಲೇ ಇರುತ್ತದೆ, ಸಕ್ಕರೆ ಆಗುತ್ತಲೇ ಇರುತ್ತದೆ. ಇಟ್ಟುಕೊಳ್ಳಲು ಜಾಗವಿಲ್ಲ. ಹೊರಗೆ ನೀರಿಗೆ ಬಿಟ್ಟುಬಿಡುತ್ತದೆ. ಅದೇ ಅಂಟು.

"ಅಂದ್ರೆ ಹಸಿದಷ್ಟೂ ಸಕ್ಕರೆ ಸುರಿಸುತ್ತೆ?"

ಹೌದು ಅಂದೆ.

"ವಿಚಿತ್ರ ಪ್ರಾಣಿ," ಅಂದಳು. ಪ್ರಾಣಿಯಲ್ಲ ಎಂದು ತಿದ್ದಿದೆ. ಮೇಷ್ಟ್ರೇ ಎಂದು ಗೇಲಿ ಮಾಡಿದಳು.

ಆದರೆ ನನ್ನ ಪಾಚಿ ಹಸಿದಿರುವುದು ಹೇಗೆ ಸಾಧ್ಯ? ಹೊತ್ತುಹೊತ್ತಿಗೆ ಗೊಬ್ಬರದ ನೀರು ಹಾಕುತ್ತಿದ್ದೇನೆ. ಮ್ಯಾನೇಜರ್ ಅಗ್ಗದ ಗೊಬ್ಬರ ತರಿಸಿರಬೇಕು. ಅವರೇ. ಇನ್ಯಾರು.

ಮಾರ್ಚ್ ೧೨, ಬುಧವಾರ

ಮೂಲೆಯಲ್ಲಿ ಧೂಳು ಹಿಡಿದಿದ್ದ ಸಕ್ಕರೆ ಪರೀಕ್ಷೆಯ ಆಮ್ಲದ ಬಾಟಲಿ ತೆಗೆದೆ. ಚೀಲದ ನೀರನ್ನು ಶೋಧಕದ ಮೇಲೆ ಸುರಿದು, ಪಂಪ್ ಹಚ್ಚದೆ, ತಾನಾಗಿ ಇಳಿಯಲು ಬಿಟ್ಟೆ. ಜೋರಾಗಿ ಎಳೆದರೆ ಪಾಚಿಯ ಕೋಶ ಒಡೆದು ಒಳಗಿನ ಸಕ್ಕರೆಯೂ ಬಂದುಬಿಡುತ್ತದೆ, ಆಮೇಲೆ ಯಾರು ಸುರಿಸಿದ್ದು, ಯಾರನ್ನು ಹಿಂಡಿದ್ದು ಎಂದು ಗೊತ್ತಾಗದು. ತೊಟ್ಟು ತೊಟ್ಟಾಗಿ ಇಳಿಯಿತು. ಇಡೀ ಮಧ್ಯಾಹ್ನ ಅದರ ಎದುರು ಕುಳಿತು ಮ್ಯಾನೇಜರನ್ನು ಮನಸ್ಸಿನಲ್ಲೇ ಬೈದೆ. ಬೈಯಲು ಒಳ್ಳೆಯ ಸಮಯ ಅದು.

ಕೊಳವೆಗಳಲ್ಲಿ ಆಮ್ಲ ಬಿದ್ದದ್ದೇ, ಎಲ್ಲ ಕಿತ್ತಳೆಗೆ ತಿರುಗಿದವು. ಎಷ್ಟು ಕಡು! ಒಂದು ಪಾಚಿಯೂ ಇಲ್ಲದ ಬರೀ ನೀರಿನಲ್ಲಿ ಅಷ್ಟು ಸಕ್ಕರೆ. ಕುಣಿಯಬೇಕು ಅನ್ನಿಸಿತು. ಆಮೇಲೆ ಖಾಲಿ ಕೊಳವೆ ನೋಡಿದೆ. ಏನೂ ಇಲ್ಲದ ಶುದ್ಧ ನೀರಿನದ್ದು, ಬಣ್ಣವೇ ಬರಬಾರದದ್ದು. ಅದೂ ಕಿತ್ತಳೆ.

ಎರಡು ಸಲ ಮಾಡಿದೆ. ಎರಡು ಸಲವೂ ಅಷ್ಟೆ. ಕೊಳವೆಗಳನ್ನು ನಾನು ಕಾಗದದ ಕರವಸ್ತ್ರದಿಂದ ಒರೆಸುತ್ತಿದ್ದೆ. ಕಾಗದದ ನಾರೂ ಸಕ್ಕರೆಯ ಜಾತಿಯದ್ದೇ. ಕಣ್ಣಿಗೆ ಕಾಣದ ಒಂದೆರಡು ಎಳೆ ಒಳಗೆ ಬಿದ್ದರೆ ಸಾಕು. ಅಯ್ಯೋ ಕತ್ತೆ. ಇದು ಮೊದಲ ವರ್ಷದವರು ಮಾಡುವ ತಪ್ಪು. ಕೊಳವೆಗಳನ್ನು ಮತ್ತೆ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ. ತಾನಾಗಿ ಒಣಗಲಿ.

ಅವಳ ಕರೆ ಬಂತು. ನನ್ನ ದನಿ ಬಾಡಿದೆ ಅಂದಳು. ಚಿನ್ನ, ನಿನ್ನ ದನಿ ಕೇಳದೆ ಬಾಡಿದ್ದು, ಈಗ ಅರಳಿತು ಅಂದೆ. ಯಾಕೋ ಆ ಮಾತಿಗೆ ಅವಳು ನಗಲಿಲ್ಲ.

ಮಾರ್ಚ್ ೧೫, ಶನಿವಾರ

ಖಾಲಿ ಕೊಳವೆ ನಿರ್ಮಲ. ಚೀಲದ ನೀರು ಕಿತ್ತಳೆ. ಇದು ನಿಜ.

ಮೊನ್ನೆ ಪಾಚಿಯನ್ನು ಸೋಸಿ ಹೊಸ ಸಮುದ್ರದ ನೀರಿಗೆ ಹಾಕಿ ನಾಲ್ಕು ಫ್ಲಾಸ್ಕ್ ಮಾಡಿದ್ದೆ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ನೈಟ್ರೇಟ್. ಒಂದಕ್ಕೆ ಫಾಸ್ಫೇಟ್. ಒಂದಕ್ಕೆ ಎರಡೂ. ನೈಟ್ರೇಟ್ ಹಾಕಿದ್ದಕ್ಕೂ ಏನೂ ಹಾಕದ್ದಕ್ಕೂ ಏನೂ ವ್ಯತ್ಯಾಸವಿಲ್ಲ, ಎರಡೂ ಪೇಲವ, ಎರಡರ ಮೇಲೂ ನೊರೆ. ಫಾಸ್ಫೇಟ್ ಬಿದ್ದ ಎರಡೂ ಇವತ್ತು ಬೆಳಿಗ್ಗೆ ಕಂದಾಗಿವೆ! ನೊರೆ ಇಲ್ಲ. ನೀರಿನಲ್ಲಿ ಸಕ್ಕರೆ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ನನ್ನ ಪಾಚಿ ಫಾಸ್ಫೇಟ್ ಇಲ್ಲದೆ ಹಸಿದಿದೆ. ನಾನು ಹಾಕುತ್ತಿರುವ ಗೊಬ್ಬರದ ನೀರಿನಲ್ಲಿ ಫಾಸ್ಫೇಟ್ ಇದೆ. ಕ್ಯಾನಿಗೆ ಅಂಟಿಸಿದ ಚೀಟಿಯಲ್ಲೂ ಹಾಗೇ ಇದೆ. ಇದ್ದದ್ದು ಎಲ್ಲಿಗೆ ಹೋಯಿತು?

ಅವಳು ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದಾಳಂತೆ. ಅವಳ ಅಕ್ಕ ಸಹಾಯಕ್ಕೆ ಬಂದಿದ್ದಾರಂತೆ. ಅಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುತ್ತಾ ಎಂದು ಅಕ್ಕ ಹಿಂದಿನಿಂದ ಕೂಗಿ ಕೇಳಿದರು. ಒಣಗುತ್ತೆ ಅಕ್ಕ, ಅರಮನೆ ಇದು ಎಂದು ಕೂಗಿ ಹೇಳಿದೆ. ಫೋನ್ ಇಟ್ಟ ಮೇಲೆ ಮ್ಯಾನೇಜರ್ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಗೋಡೆಗೆ ಗುದ್ದಿದೆ. ಗೆಣ್ಣು ಸುಲಿಯಿತು. ಗೋಡೆ ಹಾಗೇ ಇದೆ.

ಮಾರ್ಚ್ ೧೭, ಸೋಮವಾರ

ಭಾವ. ಭಾವ ಮಾಡಿದ್ದು.

ಗೊಬ್ಬರದ ನೀರಿನ ದೊಡ್ಡ ಕ್ಯಾನುಗಳನ್ನು ಇವತ್ತು ಬರಿದು ಮಾಡಿದೆ. ತಳದಲ್ಲಿ ಬಿಳಿ ಪುಡಿ, ಕೆಟಲಿನ ತಳದಲ್ಲಿ ಸುಣ್ಣ ಕೂರುವ ಹಾಗೆ. ಎಲ್ಲ ಕ್ಯಾನುಗಳಲ್ಲೂ. ಅದೇ ನನ್ನ ಫಾಸ್ಫೇಟ್. ಸಮುದ್ರದ ನೀರಿಗೆ ಫಾಸ್ಫೇಟ್ ಹಾಕಿ ಒಟ್ಟಿಗೆ ಕುದಿಸಬಾರದು. ನೀರಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಬೇರೆ ಬೇರೆ ಕುದಿಸಿ, ಆರಿಸಿ, ಆಮೇಲೆ ಬೆರೆಸಬೇಕು. ನನ್ನ ಮದುವೆಯ ರಜೆಯಲ್ಲಿ ತಿಂಗಳಿಗಾಗುವಷ್ಟು ಗೊಬ್ಬರದ ನೀರು ಮಾಡಿಟ್ಟವನು ಭಾವ. ಬಂದ ಮೇಲೆ ನಾನೂ ಅದನ್ನೇ ಹಾಕುತ್ತಿದ್ದೆ. ಕ್ಯಾನಿನ ತಳ ನೋಡಿರಲಿಲ್ಲ. ಒಂದು ಕೈಯಲ್ಲಿ ಫೋನ್ ಇರುತ್ತಿತ್ತು.

ತೊಟ್ಟಿಯ ಹತ್ತಿರ ಹೋಗಿ ಕೇಳಿದೆ. ಭಾವ ಮೊದಲು, "ನೀನು ಹೇಳಿದ ಹಾಗೇ ಮಾಡಿದೆ" ಎಂದ. ಆಮೇಲೆ ಕೊಳವೆ ಕೆಳಗಿಟ್ಟು, "ಬೇರೆ ಬೇರೆ ಕುದಿಸು ಅಂತ ನೀನು ಹೇಳಿದ್ದೆ. ಮ್ಯಾನೇಜರ್ ಬಂದು, ಎರಡೆರಡು ಸಲ ಯಾಕೆ ಒಲೆ ಹಚ್ತೀಯ, ಒಂದೇ ಸಲ ಮುಗಿಸು ಅಂದ್ರು. ಮುಗಿಸಿದೆ ಭಾವ" ಅಂದ.

ಅಂದರೆ ಭಾವನಲ್ಲ. ಮ್ಯಾನೇಜರ್. ಅಂದರೆ ಭಾವನೂ. ಅಂದರೆ ಕ್ಯಾನಿನ ತಳ ನೋಡದ ಈ ಮಹಾಶಯನೂ. ಕೋಪಕ್ಕೆ ಒಂದೇ ಮುಖ ಇದ್ದರೆ ಎಷ್ಟು ಸುಲಭ.

ಮಾರ್ಚ್ ೧೮, ಮಂಗಳವಾರ

ನಾಲ್ಕು ಫ್ಲಾಸ್ಕ್‌ಗಳನ್ನು ಮ್ಯಾನೇಜರ್ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಬಿಳಿ ಪುಡಿಯನ್ನೂ ಒಂದು ತಟ್ಟೆಯಲ್ಲಿ ಇಟ್ಟೆ. ಭಾವನನ್ನೂ ಕರೆದುಕೊಂಡು ಹೋಗಿದ್ದೆ. ಇದು ರೋಗವಲ್ಲ, ಹಸಿವು, ಫಾಸ್ಫೇಟ್ ಸಿಕ್ಕರೆ ಪಾಚಿ ಸಕ್ಕರೆ ಸುರಿಸುವುದು ನಿಲ್ಲಿಸುತ್ತದೆ, ನೀರು ತಿಳಿಯಾಗುತ್ತದೆ, ಮರಿಗಳು ಬದುಕುತ್ತವೆ ಎಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ.

ಕುದಿಸಿದ್ದು ಯಾರು ಎಂದು ಕೇಳಿದರು. ಭಾವ ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ಬೀಗದ ಕೈಗಳನ್ನು ನೋಡಿದರು. ಭಾವ ಬಾಯಿಗೆ ಬೀಗ ಹಾಕಿಕೊಂಡ. ನಾನೂ ಹಾಕಿಕೊಂಡೆ.

ಪೇಸ್ಟ್‌ಗೆ ಹೇಳಿಯಾಗಿದೆ, ವಾಪಸ್ ಆಗಲ್ಲ ಎಂದರು. ಮೂಲೆಯ ತೊಟ್ಟಿ ತೆಗೆದುಕೋ, ನಿನ್ನ ಪಾಚಿ ಹಾಕಿ ತೋರಿಸು, ತಿಂಗಳ ಕೊನೆಯವರೆಗೆ ನೋಡೋಣ. ಪಾಚಿಯ ಕೋಣೆಯಲ್ಲಿ ಪ್ಯಾಕಿಂಗ್ ಇಡುವುದು ಅಂತೂ ಖಂಡಿತವಂತೆ. ಥ್ಯಾಂಕ್ಯೂ ಸಾರ್ ಅಂದೆ. ಥ್ಯಾಂಕ್ಯೂ! ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಮಾರ್ಚ್ ೧೯, ಬುಧವಾರ

ಅವಳಿಗೆ ಎಲ್ಲ ಗೊತ್ತಾಯಿತು.

ಸಂಜೆ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತ ಫೋನ್ ಮಾಡಿದ್ದಳು. ಚಿನ್ನ, ಅಡುಗೆಮನೆಗೆ ಹಳದಿ ಅಂದೆನಲ್ಲ, ನಿಂಬೆ ಹಳದಿಯಾ ಬೆಣ್ಣೆ ಹಳದಿಯಾ ಎಂದು ನಾನು ಶುರು ಮಾಡಿದ್ದೆ.

"ನಿಲ್ಲಿಸು," ಅಂದಳು. "ನಿನ್ನ ಪಾಚಿ ಹಸಿದಾಗ ಏನು ಮಾಡುತ್ತೆ ಅಂದಿದ್ದೆ?"

ಸಕ್ಕರೆ ಹೊರಗೆ ಬಿಡುತ್ತೆ ಅಂದೆ.

"ನೀನೇನು ಮಾಡ್ತಿದ್ದೀಯ?"

ಅರ್ಥವಾಗದವನ ಹಾಗೆ ನಕ್ಕೆ.

"ಮದುವೆಯ ರಜೆಯಲ್ಲಿ ನೀನು ಹೀಗಿರಲಿಲ್ಲ. ಜಗಳ ಆಡ್ತಿದ್ದೆ. ನನ್ನ ಗೊರಕೆನ ಆಡಿಕೊಂಡು ನಗ್ತಿದ್ದೆ. ಹತ್ತು ದಿನದಿಂದ ಬರೀ ಚಿನ್ನ, ಬಂಗಾರ, ಅರಮನೆ. ನಾನು ದಿನಾ ಕೇಳ್ತೀನಿ ಇಂಥ ದನಿ. ಏನಿಲ್ಲ ಮೇಡಂ, ಸ್ವಲ್ಪ ಎದೆ ನೋವು ಅಷ್ಟೆ ಅಂತಾರೆ. ಎಲ್ಲಿ ನೋಯ್ತಿದೆ ಹೇಳು."

ಹೇಳಿದೆ. ಕೋಣೆ ಮುಚ್ಚುವುದು, ಕೆಲಸ, ಬೀಗದ ಕೈ, ಎಲ್ಲ. ಅವಳ ಕಡೆ ಒಂದು ಬಸ್ಸು ಬಂದು ನಿಂತದ್ದು, ಹೊರಟದ್ದು ಕೇಳಿಸಿತು. ಅವಳು ಹತ್ತಲಿಲ್ಲ.

"ಎಂದಿನಿಂದ ಗೊತ್ತು?"

ಎಂಟನೇ ತಾರೀಖಿನಿಂದ ಅಂದೆ.

"ನಾಳೆ ಬೆಳಿಗ್ಗೆ ನಾನು ರಾಜೀನಾಮೆ ಕೊಡೋಳಿದ್ದೆ," ಅಂದಳು. ಆಮೇಲೆ, "ಕೆಲಸ ಹೋದದ್ದಕ್ಕೆ ಕೋಪ ಅಲ್ಲ. ಮುಂದೆ ನೆಲ ಇಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಹೆಜ್ಜೆ ಇಡು ಅಂದೆಯಲ್ಲ. ಅದಕ್ಕೆ."

ಫೋನ್ ಇಟ್ಟಳು.

ಮಾರ್ಚ್ ೨೦, ಗುರುವಾರ

ಎತ್ತುತ್ತಿಲ್ಲ.

ಮಾರ್ಚ್ ೨೧, ಶುಕ್ರವಾರ

ಸರಿ, ನನಗೂ ಕೋಪ ಬರುತ್ತದೆ. ನನಗೇನು ಬೇಕೆಂದು ಮುಚ್ಚಿಟ್ಟೆನಾ? ಅವಳಿಗೆ ನೋವಾಗಬಾರದು ಎಂದು ತಾನೇ? ನಾನು ಇಲ್ಲಿ ಒಬ್ಬನೇ ಬೇಯುತ್ತಿದ್ದೆ, ಅವಳಾದರೂ ನಗುತ್ತಿರಲಿ ಎಂದು ತಾನೇ? ಒಂದು ಒಳ್ಳೆಯ ಮಾತು ಆಡುವುದೂ ತಪ್ಪಾ? ಗಂಡ ಸಿಹಿಯಾಗಿ ಮಾತಾಡುತ್ತಾನೆ ಎಂದು ಸಿಟ್ಟಾಗುವ ಹೆಂಡತಿ ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಅವಳ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ, "ಅವಳು ಪೆಟ್ಟಿಗೆ ಬಿಚ್ಚಿ ಸೀರೆ ವಾಪಸ್ ಬೀರುವಿಗೆ ಇಡ್ತಿದ್ದಾಳೆ, ನಾನು ಮಡಿಸಿದ್ದೆಲ್ಲ ದಂಡ" ಅಂದರು. ಅವರಿಗೆ ಮಡಿಸಿದ್ದರ ಚಿಂತೆ.

ಈ ಸಾಲುಗಳನ್ನು ಮತ್ತೆ ಓದಿದೆ. ಅವಳಿಗೆ ನೋವಾಗಬಾರದು ಎಂದು ಬರೆದಿದ್ದೇನೆ. ಅವಳು ಬರದೇ ಇರಬಾರದು ಎಂದು ಬರೆಯಬೇಕಿತ್ತು. ಇರಲಿ, ಹೊಡೆದುಹಾಕುವುದಿಲ್ಲ.

ಮಾರ್ಚ್ ೨೨, ಶನಿವಾರ

ಮೂಲೆಯ ತೊಟ್ಟಿಗೆ ಹೊಸ ಪಾಚಿ ಹಾಕಿದೆ. ಗೊಬ್ಬರದ ನೀರು ನಾನೇ ಮಾಡಿದ್ದು, ಬೇರೆ ಬೇರೆ ಕುದಿಸಿ. ಭಾವ ಯಾವ ಮರಿ ಕೊಡುತ್ತಾನೋ ಎಂದುಕೊಂಡಿದ್ದೆ. ತನ್ನ ಗಟ್ಟಿ ಮರಿಗಳ ಜರಡಿಯನ್ನೇ ತಂದು ನನ್ನ ತೊಟ್ಟಿಗೆ ಇಳಿಸಿದ. ಅವನನ್ನು ಮಾತಾಡಿಸಲಿಲ್ಲ. ಕೋಪ ಇದೆ ಇನ್ನೂ.

ಅಡುಗೆಮನೆಗೆಂದು ತಂದಿಟ್ಟಿದ್ದ ನಿಂಬೆ ಹಳದಿ, ಬೆಣ್ಣೆ ಹಳದಿ ಎರಡೂ ಬಣ್ಣದ ಡಬ್ಬಿಗಳನ್ನು ಅಂಗಡಿಗೆ ವಾಪಸ್ ಕೊಟ್ಟೆ.

ಅವಳಿಗೆ ಸಂದೇಶ ಕಳಿಸಿದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಇಷ್ಟು: ತೊಟ್ಟಿ ಶುರು ಮಾಡಿದೆ. ಸತ್ತ ಮರಿ ಇದೆ, ಬದುಕಿದ್ದೂ ಇದೆ. ಮನೆ ಮೂವತ್ತೊಂದಕ್ಕೆ ಬಿಡಬೇಕಾಗಬಹುದು. ಗೆಣ್ಣಿನ ಗಾಯ ಕೀವಾಗಿದೆ.

ಓದಿದ್ದಾಳೆ.

ಮಾರ್ಚ್ ೨೪, ಸೋಮವಾರ

ಅವಳಿಗೆ ನಿನ್ನೆಯೂ ಬರೆದೆ, ಇವತ್ತೂ ಬರೆದೆ. ನೊರೆ ಇಲ್ಲ. ನೀರು ಬೆರಳಿಗೆ ಅಂಟುವುದಿಲ್ಲ. ಮರಿಗಳು ಮೇಲೆ ಈಜುತ್ತಿವೆ, ಆದರೆ ಮರಿಗಳ ವಿಷಯದಲ್ಲಿ ಎರಡೇ ದಿನ ನೋಡಿ ನಂಬಬಾರದು. ಬೇರೆ ಕಡೆ ಕೆಲಸ ಕೇಳಿದೆ, ಒಬ್ಬರು ಇಲ್ಲ ಅಂದರು, ಒಬ್ಬರು ನೋಡೋಣ ಅಂದರು. ಹೆದರಿಕೆಯಾಗುತ್ತಿದೆ. ಇಷ್ಟೇ ಬರೆದದ್ದು.

ಒಂದು ಉತ್ತರ ಬಂತು: "ಗಾಯಕ್ಕೆ ಏನು ಹಚ್ಚಿದೆ?"

ಉಪ್ಪು ನೀರು ಅಂದೆ. ಕತ್ತೆ ಎಂದು ಬಂತು. ಆ ಒಂದು ಶಬ್ದವನ್ನು ಎಷ್ಟು ಸಲ ಓದಿದೆನೋ. ಡಾಕ್ಟರ ಹತ್ತಿರ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದೆ.

ಮಾರ್ಚ್ ೨೫, ಮಂಗಳವಾರ

ಪೇಸ್ಟ್ ಬಂತು. ಮ್ಯಾನೇಜರ್ ಡಬ್ಬಿಯ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸುತ್ತಿದ್ದರು, ಪ್ಯಾಕಿಂಗಿನ ಹೆಂಗಸರು ಮೂಗು ಮುಚ್ಚಿಕೊಂಡು ನೋಡಿದರು. ಇನ್ನು ಹುಡುಗಾಟ ಇಲ್ಲ, ಹೆಂಡತಿ ಜೊತೆ ಮಾತಾಡುತ್ತ ಪಾಚಿ ಸಾಯಿಸುವವರು ಬೇಕಿಲ್ಲ ಎಂದರು. ನಗುನಗುತ್ತಲೇ ಹೇಳಿದರು.

"ಒಟ್ಟಿಗೆ ಕುದಿಸು ಅಂದದ್ದು ನೀವು ಸಾರ್," ಅಂದೆ.

ನನ್ನದೇ ದನಿ ಅದು. ಸಣ್ಣಗಿರಲಿಲ್ಲ. ಅವರು ಏನೆಂದು ಕೇಳಿದರು. ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ. ಭಾವನಿಗೆ ಹೇಳಿದ್ದು ನೀವು, ಸತ್ತ ಮರಿಗಳು ನಿಮ್ಮ ಒಂದು ಮಾತಿನಿಂದ ಸತ್ತದ್ದು, ಅಂದು ನಿಮ್ಮ ಮೇಜಿನ ಮುಂದೆ ನಾನು ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು, ಕ್ಯಾನಿನ ತಳ ನೋಡದೆ ಇದ್ದದ್ದೂ ನನ್ನದೇ, ಆದರೆ ನನ್ನ ಹೆಂಡತಿಯ ಹೆಸರು ಇದರಲ್ಲಿ ಎಳೆದರೆ ಸರಿ ಇರಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತವನಿಗೆ ಜಗಳ ಬರಲ್ಲ ಎಂದು ನನ್ನ ಅಜ್ಜಿ ಅನ್ನುತ್ತಿದ್ದರು. ಬಂತು. ಬೈಗುಳಕ್ಕೆ ಒಂದೂ ಇಂಗ್ಲಿಷ್ ಶಬ್ದ ಬೇಕಾಗಲಿಲ್ಲ.

ಎಲ್ಲರೂ ಭಾವನ ಕಡೆ ತಿರುಗಿದರು. ಅವನು ತೊಟ್ಟಿಯ ಅಂಚಿಗೆ ಕೈ ಒರೆಸಿಕೊಳ್ಳುತ್ತ, "ಹೇಳಿದ್ರು," ಅಂದ. "ಒಂದೇ ಸಲ ಮುಗಿಸು ಅಂದ್ರು."

ಮ್ಯಾನೇಜರ್ ಡಬ್ಬಿಯ ಮುಚ್ಚಳ ಹಾಕಿದರು. ಮೂಲೆಯ ತೊಟ್ಟಿ ಏನೇ ಆಗಲಿ, ಮೂವತ್ತೊಂದಕ್ಕೆ ಬೀಗದ ಕೈ ಮೇಜಿನ ಮೇಲಿರಬೇಕು ಎಂದರು. ಈ ಸಲ ನಾನು ಥ್ಯಾಂಕ್ಯೂ ಹೇಳಲಿಲ್ಲ.

ಬರೆಯುತ್ತಿರುವ ಅಕ್ಷರಗಳು ಸಾಲು ಬಿಟ್ಟು ಕುಣಿಯುತ್ತಿವೆ. ಪಂಪ್ ಅಲ್ಲ.

ಮಾರ್ಚ್ ೨೬, ಬುಧವಾರ

ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಏನಾಯಿತು ಎಂದು ಕೇಳಿದಳು. ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಕಿರುಚಿದ್ದು, ಮನೆ ಹೋದದ್ದು, ಕೆಲಸ ಹೋದದ್ದು. ಇನ್ನು ಬಹುದು ಗಿಹುದು ಇಲ್ಲ, ಹೋಯಿತು. ನನ್ನ ಹತ್ತಿರ ತೋರಿಸಲು ಏನೂ ಉಳಿದಿಲ್ಲ, ಒಂದು ತೊಟ್ಟಿ ಬಿಟ್ಟು.

"ಸರಿಯಾಗಿ ಬೈದೆಯಾ?"

ಸರಿಯಾಗಿ ಅಂದೆ. ಒಂದೆರಡು ಮಾತು ಹೇಳು ಅಂದಳು. ಹೇಳಿದೆ. ಅವಳು ನಗುವುದನ್ನು ಕೇಳಿ ಎಷ್ಟು ದಿನವಾಗಿತ್ತು.

ತೊಟ್ಟಿಯ ಬಗ್ಗೆ ಕೇಳಿದಳು. ಬದುಕುತ್ತವೆ ಅನ್ನಿಸುತ್ತದೆ, ಆದರೆ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಎಂದು ಅವಳಿಗೆ ನಾನು ಹೇಳಿದ್ದು ಇದೇ ಮೊದಲಂತೆ. ಹೌದಾ? ನನಗೆ ನೆನಪಿಲ್ಲ.

ರಾಜೀನಾಮೆ ಕೊಟ್ಟಿಲ್ಲ, ಈಗ ಕೊಡುವುದೂ ಇಲ್ಲ ಎಂದಳು. ರಜೆ ಹಾಕಿದ್ದಾಳೆ. ಮುಂದೆ ಯಾವ ಊರು, ಯಾರ ಕೆಲಸ, ಎಲ್ಲ ಎದುರಾ ಎದುರು ಕುಳಿತು ಮಾತಾಡಬೇಕಂತೆ. "ಕೋಪ ಹೋಗಿಲ್ಲ ನನಗೆ. ಅದನ್ನೂ ಕಟ್ಟಿಕೊಂಡು ಬರ್ತೀನಿ. ಜಗಳ ಆಡೋದಿದೆ ನಿನ್ನ ಹತ್ತಿರ." ತೊಟ್ಟಿಯನ್ನು ಅವಳೇ ಬಗ್ಗಿ ನೋಡಬೇಕಂತೆ, ನನ್ನ ಬಾಯಿಂದ ಕೇಳಿದ್ದು ಸಾಕಂತೆ.

ಸರಿ ಅಂದೆ. ಅಷ್ಟೇ ಅಂದೆ.

ಚಾಪೆ ಒಗೆದು ಹಾಕಬೇಕು. ಭಾವನಿಗೆ ಹೇಳಿ ಸೈಕಲ್ ಇಸಿದುಕೊಳ್ಳಬೇಕು, ಸ್ಟೇಷನ್ ದೂರ. ಅವಳು ಬರುವುದು ಇಪ್ಪತ್ತೆಂಟು, ಶುಕ್ರವಾರ, ಸಂಜೆಯ ಪ್ಯಾಸೆಂಜರಿಗೆ.